ಯುದ್ಧ ಗೆದ್ದ ಮಾರ್ಷಲ್, ಪಕ್ಷದ ಮುಂದೆ ಸೋತ ಝುಕೋವ್

1957ರ ಅಕ್ಟೋಬರ್ 26. ಸೋವಿಯತ್ ಒಕ್ಕೂಟದ ರಕ್ಷಣಾ ಸಚಿವ ಮಾರ್ಷಲ್ ಗಿಯೋರ್ಗಿ ಝುಕೋವ್ ಯುಗೊಸ್ಲಾವಿಯ ಮತ್ತು ಅಲ್ಬೇನಿಯ ಪ್ರವಾಸ ಮುಗಿಸಿ ಮಾಸ್ಕೋಗೆ ಮರಳಿದರು. ಕಮ್ಯುನಿಸ್ಟ್ ಪಕ್ಷದ ಅತ್ಯುನ್ನತ ಮಂಡಲಿಯಾದ ಪ್ರಿಸೀಡಿಯಂನ ಸಭೆ ಅವರಿಗಾಗಿ ಕಾದಿತ್ತು. ಅಂದು ಸಂಜೆಯ ವೇಳೆಗೆ ಅವರು ಸಚಿವರಾಗಿ ಉಳಿದಿರಲಿಲ್ಲ. ಹಿಟ್ಲರನ ಸೇನೆಯನ್ನು ಬರ್ಲಿನ್‌ವರೆಗೆ ಬೆನ್ನಟ್ಟಿದ ಸೇನಾನಿಯನ್ನು ಕೆಳಗಿಳಿಸಲು ಪಕ್ಷಕ್ಕೆ ಒಂದು ಗುಂಡು ಹಾರಿಸುವ ಅಗತ್ಯವೂ ಬೀಳಲಿಲ್ಲ.

ಝುಕೋವ್ ಜನಿಸಿದ್ದು 1896ರಲ್ಲಿ, ಕಲೂಗ ಪ್ರಾಂತ್ಯದ ಸ್ಟ್ರೆಲ್ಕೋವ್ಕ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ. ಬಾಲ್ಯದಲ್ಲೇ ಮಾಸ್ಕೋ ಸೇರಿ ತುಪ್ಪಳದ ಉಡುಪು ಹೊಲಿಯುವ ಕಸುಬು ಕಲಿತರು. 1915ರಲ್ಲಿ ತ್ಸಾರ್ ದೊರೆಯ ಅಶ್ವದಳಕ್ಕೆ, ಕ್ರಾಂತಿಯ ನಂತರ 1918ರಲ್ಲಿ ಕೆಂಪು ಸೇನೆಗೆ ಸೇರಿದರು. ಮರುವರ್ಷವೇ ಪಕ್ಷದ ಸದಸ್ಯರಾದರು.

ಆ ಸೇನೆಯಲ್ಲಿ ದಂಡನಾಯಕನ ಪಕ್ಕದಲ್ಲಿ ಇನ್ನೊಬ್ಬನಿರುತ್ತಿದ್ದ. ಆತನೇ ಕಮಿಸಾರ್. ತ್ಸಾರ್ ಕಾಲದ ಅಧಿಕಾರಿಗಳ ಮೇಲೆ ಕಣ್ಣಿಡಲೆಂದು ಪಕ್ಷ ನೇಮಿಸಿದ ಈತನ ಸಹಿಯಿಲ್ಲದೆ ಯಾವ ಆಜ್ಞೆಗೂ ಬೆಲೆಯಿರಲಿಲ್ಲ. ಮುಂದೆ ಈ ಪದ್ಧತಿ ಹಲವು ಬಾರಿ ರದ್ದಾಗಿ, ಹಲವು ಬಾರಿ ಮರಳಿತು. ಪಕ್ಷಕ್ಕೆ ಸೇನೆಯ ಮೇಲೆ ಅನುಮಾನ ಮೂಡಿದಾಗಲೆಲ್ಲ ಕಮಿಸಾರ್ ಬರುತ್ತಿದ್ದ. ರಣರಂಗದಲ್ಲಿ ಒಬ್ಬನದೇ ಆಜ್ಞೆ ಅನಿವಾರ್ಯವೆನಿಸಿದಾಗ ಹಿಂದೆ ಸರಿಯುತ್ತಿದ್ದ. 1937ರ ನಂತರದ ಸ್ಟಾಲಿನ್ ದಮನಕಾಂಡದಲ್ಲಿ ಅಂದಿನ ಐವರು ಮಾರ್ಷಲ್‌ಗಳ ಪೈಕಿ ಮೂವರು ಬಲಿಯಾದರು. ಝುಕೋವ್ ಉಳಿದುಕೊಂಡರು.

1939ರಲ್ಲಿ ಮಂಗೋಲಿಯದ ಖಾಲ್ಖಿನ್ ಗೋಲ್‌ನಲ್ಲಿ ಜಪಾನೀಯರನ್ನು ಸೋಲಿಸಿದ ಅವರು, ಮುಂದೆ ಲೆನಿನ್‌ಗ್ರಾಡ್, ಮಾಸ್ಕೋ, ಸ್ಟಾಲಿನ್‌ಗ್ರಾಡ್ ಕದನಗಳಲ್ಲಿ ನಿರ್ಣಾಯಕ ಪಾತ್ರ ವಹಿಸಿದರು. 1945ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ಜರ್ಮನಿಯ ಶರಣಾಗತಿಯನ್ನು ಸ್ವೀಕರಿಸಿದರು. ಜೂನ್ 24ರಂದು ಕೆಂಪು ಚೌಕದಲ್ಲಿ ಬಿಳಿ ಕುದುರೆಯೇರಿ ವಿಜಯ ಕವಾಯತಿನ ವಂದನೆ ಪಡೆದರು. ಈ ಜನಪ್ರಿಯತೆಯೇ ಮುಳುವಾಯಿತು. ಗೆಲುವಿನ ಶ್ರೇಯಸ್ಸನ್ನೆಲ್ಲ ತಮ್ಮದೆಂದು ಹೇಳಿಕೊಂಡರೆಂಬ ಆರೋಪ ಹೊರಿಸಿ, 1946ರಲ್ಲಿ ಸ್ಟಾಲಿನ್ ಅವರನ್ನು ದೂರದ ಒಡೆಸ್ಸಾಕ್ಕೆ, 1948ರಲ್ಲಿ ಇನ್ನೂ ದೂರದ ಯುರಲ್ ಪ್ರಾಂತ್ಯಕ್ಕೆ ಅಟ್ಟಿದರು.

ಸ್ಟಾಲಿನ್ ನಿಧನದ ಬಳಿಕ ಚಿತ್ರ ಬದಲಾಯಿತು. ಪಕ್ಷದ ನಾಯಕರ ಒಳಜಗಳಕ್ಕೆ ಸೇನೆಯ ಬಲ ಬೇಕಾಗಿತ್ತು. 1953ರಲ್ಲಿ ರಹಸ್ಯ ಪೊಲೀಸ್ ಮುಖ್ಯಸ್ಥ ಬೆರಿಯಾ ಅವರನ್ನು ಕ್ರೆಮ್ಲಿನ್‌ನೊಳಗೇ ಬಂಧಿಸಿದ ಅಧಿಕಾರಿಗಳಲ್ಲಿ ಝುಕೋವ್ ಇದ್ದರು. 1955ರಲ್ಲಿ ರಕ್ಷಣಾ ಸಚಿವರಾದರು. 1957ರ ಆರಂಭದಲ್ಲಿ ಭಾರತಕ್ಕೂ ಭೇಟಿ ನೀಡಿ ನೆಹರೂ ಅವರನ್ನು ಕಂಡರು. ಅದೇ ವರ್ಷದ ಜೂನ್‌ನಲ್ಲಿ ಪ್ರಿಸೀಡಿಯಂನ ಬಹುಮತವು ಕ್ರುಶ್ಚೇವ್ ಅವರನ್ನು ಉಚ್ಚಾಟಿಸಲು ಹೊರಟಿತು. ಝುಕೋವ್ ಕ್ರುಶ್ಚೇವ್ ಪರ ನಿಂತರು. ಕೇಂದ್ರ ಸಮಿತಿಯ ಸದಸ್ಯರನ್ನು ದೇಶದ ಮೂಲೆಮೂಲೆಗಳಿಂದ ವಾಯುಪಡೆಯ ವಿಮಾನಗಳು ಮಾಸ್ಕೋಗೆ ಹೊತ್ತು ತಂದವು. ಕ್ರುಶ್ಚೇವ್ ಉಳಿದರು, ಝುಕೋವ್ ಪ್ರಿಸೀಡಿಯಂನ ಪೂರ್ಣ ಸದಸ್ಯರಾದರು.

ಆದರೆ ಒಬ್ಬ ನಾಯಕನನ್ನು ಉಳಿಸಬಲ್ಲ ಸೇನಾನಿ ನಾಳೆ ಆತನನ್ನೇ ಉರುಳಿಸಲೂ ಬಲ್ಲ. ಕ್ರುಶ್ಚೇವ್ ಅವರನ್ನು ಕಾಡಿದ್ದು ಈ ಭಯ.

ಸೇನೆಯೊಳಗೆ ಪಕ್ಷದ ಕಣ್ಣು, ಕಿವಿ ಎರಡೂ ಆಗಿದ್ದುದು ರಾಜಕೀಯ ಮುಖ್ಯ ನಿರ್ದೇಶನಾಲಯ. ಅದು ಸಚಿವಾಲಯದೊಳಗೇ ಇದ್ದರೂ ಪಕ್ಷದ ಕೇಂದ್ರ ಸಮಿತಿಯ ಒಂದು ವಿಭಾಗದ ಅಧಿಕಾರ ಹೊಂದಿತ್ತು. ಝುಕೋವ್ ಕೈಯಿಟ್ಟದ್ದು ಇಲ್ಲಿಗೇ. ಪಕ್ಷದ ಸಭೆಗಳಲ್ಲಿ ದಂಡನಾಯಕರ ಸೇವಾ ಆಜ್ಞೆಗಳನ್ನು ಟೀಕಿಸುವುದಕ್ಕೆ ತಡೆಯೊಡ್ಡಿದರು. ರಾಜಕೀಯ ಅಧಿಕಾರಿಗಳ ಪ್ರಭಾವವನ್ನು ಮೊಟಕುಗೊಳಿಸಿದರು. ಅವರ ದೃಷ್ಟಿಯಲ್ಲಿ ಇದು ಶಿಸ್ತಿನ ಪ್ರಶ್ನೆ, ಪಕ್ಷದ ದೃಷ್ಟಿಯಲ್ಲಿ ಅಧಿಕಾರದ ಪ್ರಶ್ನೆ. ನಿರ್ದೇಶನಾಲಯದ ಮುಖ್ಯಸ್ಥ ಝೆಲ್ತೋವ್ ಅವರೇ ಸಚಿವರ ವಿರುದ್ಧ ದೂರಿತ್ತರು. ಕೇಂದ್ರ ಸಮಿತಿಗೆ ತಿಳಿಸದೆ ವಿಶೇಷ ಪಡೆಯ ಶಾಲೆಯೊಂದನ್ನು ಆರಂಭಿಸಿದರೆಂಬ ಆರೋಪವೂ ಸೇರಿತು.

ಝುಕೋವ್ ವಿದೇಶದಲ್ಲಿದ್ದಾಗಲೇ ಎಲ್ಲ ಸಿದ್ಧತೆ ನಡೆದಿತ್ತು. ಕೇಂದ್ರ ಸಮಿತಿಯ ಸಭೆಯಲ್ಲಿ ಅವರ ಸಹ ಮಾರ್ಷಲ್‌ಗಳೇ ಒಬ್ಬೊಬ್ಬರಾಗಿ ಅವರ ವಿರುದ್ಧ ಮಾತನಾಡಿದರು. ಯುದ್ಧಕಾಲದ ಒಡನಾಡಿ ಕೋನೆವ್ ಅವರ ಖಂಡನಾ ಲೇಖನ ಪಕ್ಷದ ಮುಖವಾಣಿ ಪ್ರಾವ್ದಾದಲ್ಲಿ ಪ್ರಕಟವಾಯಿತು. ಸೇನೆ ಮಿಸುಕಲಿಲ್ಲ. ಏಕೆಂದರೆ ಅಲ್ಲಿನ ಪ್ರತಿ ಉನ್ನತ ಅಧಿಕಾರಿಯೂ ಪಕ್ಷದ ಸದಸ್ಯ; ಆತನ ಬಡ್ತಿಗೆ ಪಕ್ಷದ ಒಪ್ಪಿಗೆ ಬೇಕಿತ್ತು. ಝುಕೋವ್ ಅವರೂ ಪಕ್ಷದ ಆಜ್ಞೆ ಮೀರುವ ಪ್ರಯತ್ನ ಮಾಡಲಿಲ್ಲ. ಮಾಲಿನೋವ್‌ಸ್ಕಿ ರಕ್ಷಣಾ ಸಚಿವರಾದರು. ರಾಜಕೀಯ ಅಂಗಗಳು ಮತ್ತೆ ಬಲಗೊಂಡವು.

ನಾಲ್ಕು ಬಾರಿ ಸೋವಿಯತ್ ಒಕ್ಕೂಟದ ವೀರ ಎಂಬ ಬಿರುದು ಪಡೆದಿದ್ದ ಝುಕೋವ್ 1958ರಲ್ಲಿ ನಿವೃತ್ತರಾದರು. ಅವರ ಸ್ಮೃತಿಗ್ರಂಥ ಸೆನ್ಸಾರ್ ಕತ್ತರಿ ದಾಟಿ 1969ರಲ್ಲಿ ಹೊರಬಂತು. 1974ರ ಜೂನ್ 18ರಂದು ತೀರಿಕೊಂಡಾಗ ಚಿತಾಭಸ್ಮವನ್ನು ಕ್ರೆಮ್ಲಿನ್ ಗೋಡೆಯಲ್ಲಿ ಗೌರವದಿಂದ ಇರಿಸಲಾಯಿತು.

ಅವರು ಮೊಟಕುಗೊಳಿಸಲು ಯತ್ನಿಸಿದ ರಾಜಕೀಯ ನಿರ್ದೇಶನಾಲಯ 1991ರವರೆಗೂ ಬಾಳಿತು. ಅದು ಕೊನೆಯುಸಿರೆಳೆದ ವರ್ಷವೇ ಅದನ್ನು ಕಟ್ಟಿದ ಪಕ್ಷವೂ ಅಧಿಕಾರ ಕಳೆದುಕೊಂಡಿತು.