ಅಂಕಿಗಳಿಗೆ ನಿಷ್ಠೆ ಕಲಿಸಿದ ಆಚಾರ್ಯ ಮಹಲನೋಬಿಸ್

ಹೆಸರಘಟ್ಟದ ಕೆರೆಗೆ ಸಮೀಪದ ರಾಗಿಯ ಹೊಲವೊಂದರಲ್ಲಿ, ಸುಮಾರು ನಲವತ್ತು ವರ್ಷಗಳ ಹಿಂದೆ, ನಾನು ಒಂದು ಗೂಟವನ್ನು ಕಿತ್ತು ಐದಾರು ಹೆಜ್ಜೆ ಆಚೆಗೆ ನೆಟ್ಟೆ. ನೋಡುವವರಿಗೆ ಅದು ಅಲ್ಪ ಸಂಗತಿ. ಆದರೆ ಭಾರತದ ಸಂಖ್ಯಾಶಾಸ್ತ್ರಕ್ಕೆ ಅಡಿಪಾಯ ಹಾಕಿದ ಪ್ರೊಫೆಸರ್ ಪ್ರಶಾಂತಚಂದ್ರ ಮಹಲನೋಬಿಸರ ಹೆಸರನ್ನು ನಾನು ಮೊದಲು ಕೇಳಿದ್ದು ಆ ಗೂಟದ ದೆಸೆಯಿಂದಲೇ.

ಆಗ ನಾನು ಬೆಳೆ ಕಟಾವು ಪ್ರಯೋಗದಲ್ಲಿ ಹಂಗಾಮಿ ಸಹಾಯಕನಾಗಿದ್ದೆ. ಪ್ರಯೋಗದ ಕ್ರಮ ಸರಳವಾದುದು. ಹಳ್ಳಿಯನ್ನೂ ಸರ್ವೆ ನಂಬರನ್ನೂ ಯಾರ ಇಷ್ಟಾನಿಷ್ಟಕ್ಕೂ ಬಿಡದೆ ಯಾದೃಚ್ಛಿಕ ಸಂಖ್ಯೆಗಳ ಪಟ್ಟಿಯಿಂದ ಆರಿಸುತ್ತಾರೆ. ಹೊಲದ ನೈಋತ್ಯ ಮೂಲೆಯಿಂದ ಹೊರಟು, ಪಟ್ಟಿ ಹೇಳಿದಷ್ಟು ಹೆಜ್ಜೆ ಉದ್ದಕ್ಕೂ ಅಡ್ಡಕ್ಕೂ ನಡೆದು ಗೂಟ ಹೊಡೆಯುತ್ತಾರೆ. ಅಲ್ಲಿಂದ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕಕ್ಕೆ ಹಗ್ಗ ಹಿಡಿದು, ಒಳಗಿನ ಬೆಳೆಯನ್ನು ಕೊಯ್ದು, ಬಡಿದು, ತೂರಿ, ತೂಗುತ್ತಾರೆ. ಅಂದು ನಮ್ಮ ಗೂಟ ಬಿದ್ದದ್ದು ಹೊಂಗೆಯ ಮರದ ನೆರಳಿನಲ್ಲಿ, ಪೈರು ಸೊರಗಿ ನಿಂತಿದ್ದ ಕಡೆ. ಹೊಲದ ಯಜಮಾನರಾದ ವೃದ್ಧರ ಮುಖ ಬಾಡಿತು. ಇಷ್ಟು ದೊಡ್ಡ ಹೊಲದಲ್ಲಿ ತಮ್ಮ ದುಡಿಮೆಗೆ ಈ ಮೂಲೆಯೇ ಸಾಕ್ಷಿಯಾಗಬೇಕೆ ಎಂದು ಅವರು ನೊಂದುಕೊಂಡರು. ನನ್ನ ಮನಸ್ಸು ಕರಗಿತು. ತೆನೆ ತುಂಬಿದ್ದ ಜಾಗಕ್ಕೆ ಗೂಟವನ್ನು ಸರಿಸಿಬಿಟ್ಟೆ.

ನನ್ನ ಮೇಲ್ವಿಚಾರಕರು ಅದನ್ನು ಕಂಡರು. ಗದರಲಿಲ್ಲ. ಗೂಟವನ್ನು ಕಿತ್ತು ಮೊದಲಿನ ಜಾಗದಲ್ಲಿಯೇ ನೆಟ್ಟು, ತೆನೆ ಬಡಿಯುವ ಹೊತ್ತಿನಲ್ಲಿ ಆ ಹೊಂಗೆಯ ನೆರಳಿನಲ್ಲಿಯೇ ಕುಳಿತು ಮಹಲನೋಬಿಸರ ಕಥೆಯನ್ನು ಹೇಳಿದರು. ಅಂದು ಕೇಳಿದುದನ್ನೂ ಅನಂತರ ಓದಿ ತಿಳಿದುದನ್ನೂ ಕೂಡಿಸಿ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮಹಲನೋಬಿಸರು ಜನಿಸಿದ್ದು 1893ರ ಜೂನ್ 29ರಂದು, ಕಲ್ಕತ್ತೆಯ ಬ್ರಹ್ಮಸಮಾಜದ ಮನೆತನವೊಂದರಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ವ್ಯಾಸಂಗ ಮಾಡಿ 1913ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜನ್ನು ಸೇರಿದರು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರ ಸ್ನೇಹ ಲಭಿಸಿದ್ದು ಅಲ್ಲಿಯೇ. 1915ರಲ್ಲಿ ಸ್ವದೇಶಕ್ಕೆ ಹೊರಟಾಗ ಯುದ್ಧದ ಕಾರಣದಿಂದ ಹಡಗು ತಡವಾಯಿತು. ಆ ಬಿಡುವಿನಲ್ಲಿ ಗುರುಗಳಾದ ಮೆಕಾಲೆಯವರು ಕಾಲೇಜಿನ ಪುಸ್ತಕಭಂಡಾರದಲ್ಲಿದ್ದ 'ಬಯೊಮೆಟ್ರಿಕ' ಎಂಬ ಪತ್ರಿಕೆಯ ಸಂಪುಟಗಳನ್ನು ಅವರಿಗೆ ತೋರಿಸಿದರು. ತರುಣರು ಆ ಸಂಪುಟಗಳನ್ನು ಕೊಂಡು ಹಡಗಿನಲ್ಲಿ ಓದುತ್ತ ಬಂದರು. ಭೌತಶಾಸ್ತ್ರವನ್ನು ಓದಿದವರ ಒಲವು ಕಡಲ ಮೇಲೆಯೇ ಸಂಖ್ಯಾಶಾಸ್ತ್ರದ ಕಡೆಗೆ ತಿರುಗಿತ್ತು.

ಅವರ ಬುದ್ಧಿಯ ರೀತಿಯನ್ನು ತಿಳಿಯಲು ಒರಿಸ್ಸದ ಪ್ರಸಂಗವೊಂದು ಸಾಕು. 1926ರಲ್ಲಿ ಬ್ರಾಹ್ಮಣಿ ನದಿಯಲ್ಲಿ ಮಹಾಪೂರ ಬಂದಿತು. ನದಿಯ ತಳ ಏರಿದೆಯೆಂದು ನಂಬಿದ ತಜ್ಞರು ದಂಡೆಗಳನ್ನು ಎತ್ತರಿಸಬೇಕೆಂದು ನಿರ್ಣಯಿಸಿದ್ದರು. ಮಹಲನೋಬಿಸರು ಸುಮಾರು 60 ವರ್ಷಗಳ ಮಳೆಯ ಮತ್ತು ಪ್ರವಾಹದ ಅಂಕಿಗಳನ್ನು ತರಿಸಿ, ಸರಾಸರಿಯನ್ನೂ ಏರಿಳಿತವನ್ನೂ ಲೆಕ್ಕ ಹಾಕಿದರು. ತಳ ಏರಿರಲಿಲ್ಲ. ಎಲ್ಲರೂ ಕಣ್ಣಾರೆ ಕಂಡೆವೆಂದುಕೊಂಡಿದ್ದುದು ಅಂಕಿಗಳ ಮುಂದೆ ನಿಲ್ಲಲಿಲ್ಲ.

ಪ್ರೆಸಿಡೆನ್ಸಿ ಕಾಲೇಜಿನ ತಮ್ಮ ಕೊಠಡಿಯಲ್ಲಿಯೇ ಅವರು 1931ರ ಡಿಸೆಂಬರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಆರಂಭಿಸಿದರು. ಮೊದಲ ವರ್ಷದ ವೆಚ್ಚ 238 ರೂಪಾಯಿ. 1933ರಲ್ಲಿ 'ಸಾಂಖ್ಯ' ಎಂಬ ಪತ್ರಿಕೆ ಹೊರಟಿತು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿ, ಮುಂದೆ ಜಗದ್ವಿಖ್ಯಾತರಾದ ಸಿ. ಆರ್. ರಾವ್ ಅವರು 1941ರಲ್ಲಿ ತರಬೇತಿಗೆಂದು ಹೋಗಿ ಸೇರಿದ್ದು ಈ ಸಂಸ್ಥೆಯನ್ನೇ.

ಆದರೆ ಮಹಲನೋಬಿಸರ ನಿಜವಾದ ಸಾಹಸ ನಡೆದದ್ದು ಬಂಗಾಳದ ಸೆಣಬಿನ ಗದ್ದೆಗಳಲ್ಲಿ. ಆವರೆಗೆ ಬೆಳೆಯ ಅಂದಾಜು ಆಣೆವಾರಿಯ ಮೇಲೆ ನಡೆಯುತ್ತಿತ್ತು. ಗ್ರಾಮಾಧಿಕಾರಿ ಪೈರನ್ನು ಕಣ್ಣಳತೆಯಲ್ಲಿ ನೋಡಿ ಹದಿನಾರಾಣೆಗೆ ಇಷ್ಟಾಣೆಯೆಂದು ಬರೆದರೆ ಅದೇ ಪ್ರಮಾಣ. 1937ರಿಂದ ಮಹಲನೋಬಿಸರು ಯಾದೃಚ್ಛಿಕ ಮಾದರಿಯ ಸಮೀಕ್ಷೆಯನ್ನು ಚಿಕ್ಕ ಪ್ರಮಾಣದಲ್ಲಿ ತೊಡಗಿ, ವರ್ಷವರ್ಷವೂ ತಿದ್ದುತ್ತ, ಇಡೀ ಪ್ರಾಂತಕ್ಕೆ ವಿಸ್ತರಿಸಿದರು. ಒಂದೇ ಪ್ರದೇಶಕ್ಕೆ ಪರಸ್ಪರ ಸಂಬಂಧವಿಲ್ಲದ ಎರಡು ತಂಡಗಳನ್ನು ಕಳುಹಿಸಿ, ಎರಡರ ಫಲಿತಾಂಶಗಳನ್ನೂ ಹೋಲಿಸುವ ಉಪಾಯವನ್ನು ಕಂಡುಹಿಡಿದರು. ಗೂಟ ಸರಿಸುವ ನನ್ನಂಥವರು ಆ ಹೋಲಿಕೆಯಲ್ಲಿ ಸಿಕ್ಕಿಬೀಳುತ್ತಿದ್ದರು.

1944-45ರ ಫಲ ವಿಸ್ಮಯಕರವಾದುದು. ಒಂದೊಂದು ತಾಕನ್ನೂ ಎಣಿಸಿದ ಪೂರ್ಣ ಗಣತಿಗೆ 33,000 ಜನ ಬೇಕಾದರು. ಖರ್ಚು 82 ಲಕ್ಷ ರೂಪಾಯಿ. ಮಾದರಿ ಸಮೀಕ್ಷೆಗೆ ಸಾಕಾದದ್ದು 600 ಜನ, 8 ಲಕ್ಷ ರೂಪಾಯಿ. ಗಣತಿ ಹೇಳಿದ ಇಳುವರಿ ಸುಮಾರು 63 ಲಕ್ಷ ಬೇಲು. ಮಾದರಿ ಹೇಳಿದ್ದು 75 ಲಕ್ಷ 40 ಸಾವಿರ. ಕೊನೆಗೆ ಸುಂಕದ ಕಟ್ಟೆಯ ಮತ್ತು ವರ್ತಕರ ಲೆಕ್ಕ ಕೂಡಿದಾಗ ಬಂದದ್ದು 75 ಲಕ್ಷ 62 ಸಾವಿರ. ಎಲ್ಲವನ್ನೂ ಎಣಿಸಿದವರು ಆರರಲ್ಲಿ ಒಂದು ಪಾಲನ್ನು ಕಳೆದುಕೊಂಡಿದ್ದರು. ಕೆಲವನ್ನೇ ಎಚ್ಚರದಿಂದ ಎಣಿಸಿದವರು ಸತ್ಯದ ಹೊಸಿಲಿನಲ್ಲಿಯೇ ನಿಂತಿದ್ದರು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕೆಂಬ ಮಾತು ನಮ್ಮಲ್ಲಿದೆ. ಅದು ತಪ್ಪಲೆಯ ಮಟ್ಟಿಗೆ ದಿಟ. ಹೊಲ ತಪ್ಪಲೆಯಂತಲ್ಲ, ಗೊಬ್ಬರ ಬಿದ್ದ ಕಡೆ ಒಂದು ಬಗೆ, ಮರದ ನೆರಳಿನಲ್ಲಿ ಮತ್ತೊಂದು ಬಗೆ. ಆದುದರಿಂದ ಹಲವು ಅಗುಳುಗಳು ಬೇಕು. ಅವು ನಮ್ಮ ಕೈ ಆರಿಸಿದವಾಗಿರಕೂಡದು. ಹೀಗೆ ಆರಿಸಿದ ಮಾದರಿಯಲ್ಲಿಯೂ ತಪ್ಪು ಇರುತ್ತದೆ, ಆದರೆ ಅದು ಎಷ್ಟೆಂದು ಅಳೆಯಬಹುದು. ಮಾದರಿಗಳನ್ನು ನಾಲ್ಕು ಪಟ್ಟು ಮಾಡಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ನಾವು ಆರಿಸಿದುದರಲ್ಲಿ ಸೇರುವ ಪಕ್ಷಪಾತವಾದರೋ, ಸಾವಿರ ಹೊಲ ಕೊಯ್ದರೂ ಇಳಿಯದು. ಆ ಪಕ್ಷಪಾತ ದುರಾಸೆಯಿಂದ ಹುಟ್ಟಿದ್ದೋ ನನ್ನದರಂತೆ ಕನಿಕರದಿಂದ ಹುಟ್ಟಿದ್ದೋ ಎಂಬ ಭೇದ ಲೆಕ್ಕಕ್ಕಿಲ್ಲ.

ಆಚಾರ್ಯರೂ ಎಡವದೆ ಇರಲಿಲ್ಲ. ಅವರು ಮೆಚ್ಚಿದ ಪುಟ್ಟ ಕಟಾವುಗಳಲ್ಲಿ ಗೆರೆಯ ಮೇಲೆ ನಿಂತ ಗಿಡಗಳನ್ನು ಕೆಲಸಗಾರರು ಒಳಕ್ಕೇ ಸೇರಿಸಿಕೊಳ್ಳುವುದರಿಂದ ಇಳುವರಿ ಹೆಚ್ಚಾಗಿ ಕಾಣುತ್ತದೆಂದು ಪಾಂಡುರಂಗ ಸುಖಾತ್ಮೆಯವರು ತೋರಿಸಿಕೊಟ್ಟರು. ಇಬ್ಬರ ನಡುವೆ ಬಹುಕಾಲ ವಾದ ನಡೆಯಿತು. ದೇಶದಲ್ಲಿ ರೂಢಿಗೆ ಬಂದದ್ದು ಸುಖಾತ್ಮೆಯವರ ದೊಡ್ಡ ಚೌಕ. ಹೆಸರಘಟ್ಟದಲ್ಲಿ ನಾವು ಹಿಡಿದ ಹಗ್ಗವೂ ಅದೇ ಪರಂಪರೆಯದು.

1945ರಲ್ಲಿ ಮಹಲನೋಬಿಸರು ರಾಯಲ್ ಸೊಸೈಟಿಯ ಸದಸ್ಯರಾದರು. 1947ರಲ್ಲಿ ವಿಶ್ವಸಂಸ್ಥೆಯ ಮಾದರಿ ವಿಧಾನದ ಉಪಸಮಿತಿಗೆ ಅಧ್ಯಕ್ಷರಾದರು. 1950ರಲ್ಲಿ ಅವರ ಪ್ರಯತ್ನದಿಂದ ರಾಷ್ಟ್ರೀಯ ಮಾದರಿ ಸಮೀಕ್ಷೆ ಹುಟ್ಟಿತು. ಬಡವನ ಮನೆಯ ಊಟ, ಬಟ್ಟೆ, ದುಡಿಮೆಗಳು ಮೊದಲ ಬಾರಿಗೆ ದೇಶದ ಲೆಕ್ಕಕ್ಕೆ ಬಂದವು. 1951-52ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ಮೈಸೂರು ಸೀಮೆಯ ಹಳ್ಳಿಗಳಲ್ಲಿಯೂ ಬೆಂಗಳೂರಿನಲ್ಲಿಯೂ ಮಾದರಿ ಮನೆಗಳನ್ನು ಆರಿಸಿ ಜನಸಂಖ್ಯಾ ಅಧ್ಯಯನವನ್ನು ನಡೆಸಿದವು. ಎರಡನೆಯ ಪಂಚವಾರ್ಷಿಕ ಯೋಜನೆಯ ರೂಪುರೇಷೆ ಮಹಲನೋಬಿಸರದೇ. 1968ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. 1972ರ ಜೂನ್ 28ರಂದು, ಎಪ್ಪತ್ತೊಂಬತ್ತು ತುಂಬಲು ಒಂದು ದಿನವಿರುವಾಗ, ಅವರು ಕೀರ್ತಿಶೇಷರಾದರು. ಅವರ ಜನ್ಮದಿನವನ್ನು 2007ರಿಂದ ರಾಷ್ಟ್ರೀಯ ಸಾಂಖ್ಯಿಕ ದಿನವಾಗಿ ಆಚರಿಸಲಾಗುತ್ತಿದೆ.

ಇನ್ನು ನನ್ನ ಗೂಟದ ವಿಷಯ. 25 ಚದರ ಮೀಟರಿನ ಆ ಚೌಕದ 400 ಪಟ್ಟು ಒಂದು ಹೆಕ್ಟೇರು. ನಾನು ಕನಿಕರದಿಂದ ಸೇರಿಸಲು ಹೊರಟ ಒಂದೊಂದು ಕಿಲೊ ರಾಗಿಯೂ ಹೆಕ್ಟೇರಿನ ಲೆಕ್ಕದಲ್ಲಿ ಇಲ್ಲದ ನಾಲ್ಕು ಕ್ವಿಂಟಾಲಾಗುತ್ತಿತ್ತು. ಇಂದು ಬೆಳೆ ವಿಮೆಯ ಪರಿಹಾರ ನಿರ್ಧಾರವಾಗುವುದು ಇಂಥ ಕಟಾವುಗಳ ಸರಾಸರಿಯ ಮೇಲೆ. ಬರದ ವರ್ಷದಲ್ಲಿ ಯಾರಾದರೂ ಗೂಟವನ್ನು ಒಳ್ಳೆಯ ಪೈರಿಗೆ ಸರಿಸಿದರೆ, ನೆರೆಹೊರೆಯ ರೈತರೆಲ್ಲರಿಗೂ ಬರಬೇಕಾದ ಹಣ ತಪ್ಪೀತು. ಆ ವೃದ್ಧರಿಗೆ ನಾನು ಮಾಡಹೊರಟಿದ್ದ ಉಪಕಾರ ಅಂಥದು.

ಅಂದು ತೂಗಿದಾಗ ರಾಗಿ ಒಂದು ಮೊರವೂ ತುಂಬಲಿಲ್ಲ. ಇದ್ದ ತೂಕವನ್ನೇ ನಮೂನೆಯಲ್ಲಿ ಬರೆದು ಸಹಿ ಹಾಕಿದೆವು. ವೃದ್ಧರು ಮೊರವನ್ನು ತೆಗೆದುಕೊಂಡು, ಮುಂದಿನ ವರ್ಷವಾದರೂ ಗೂಟ ಬಯಲಿಗೆ ಬೀಳಲೆಂದು ಹರಸಿಕೊಳ್ಳುತ್ತ ಮನೆಗೆ ಹೊರಟರು.