ಚಿತ್ರಕಾರ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು

ನಮ್ಮ ಕೋಟುಮಚಗಿಯ ಸುತ್ತಿನ ಎರೆನೆಲದಲ್ಲಿ ಬೆಳೆದ ಹೆಣ್ಣುಮಕ್ಕಳಲ್ಲಿ ಅನೇಕರು ಸಮುದ್ರವನ್ನು ಕಂಡವರಲ್ಲ. ಆದರೂ ಚಿತ್ರದ ತಾಸಿನಲ್ಲಿ ಕಡಲತೀರವನ್ನು ಬರೆಯಿರೆಂದರೆ, ಒಂದು ಅಡ್ಡಗೆರೆ, ಅರ್ಧ ಮುಳುಗಿದ ಸೂರ್ಯ, ಹಾಯಿಯುಳ್ಳ ಒಂದು ದೋಣಿ, ಇಷ್ಟನ್ನು ಬರೆದು ಮುಗಿಸುವರು. ದೋಣಿಯಲ್ಲಿ ಮನುಷ್ಯರು ಮಾತ್ರ ಇರುವದಿಲ್ಲ! ಅಂಥ ದೃಶ್ಯವನ್ನು ಬರೆಯಲು ಏನೇನು ಕಲಿಯಬೇಕೆಂಬುದು ಹೆಬ್ಬಾರರ ಜೀವನದಿಂದ ತಿಳಿದುಬರುವ ಕಾರಣ, ಅದನ್ನು ಇಲ್ಲಿ ಸಂಕ್ಷೇಪವಾಗಿ ನಿವೇದಿಸುವೆವು.

ಅವರು 1911 ರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದರು. ತಂದೆಯವರು ಗಣಪತಿಯ ಮಣ್ಣಿನ ಮೂರ್ತಿಗಳನ್ನು ಮಾಡುತ್ತಿದ್ದರು. ಕೆಲಕಾಲ ಮೈಸೂರಿನಲ್ಲಿ ಕಲಿತು ಹೆಬ್ಬಾರರು ಮುಂಬಯಿಗೆ ಹೋದರು. ಅಲ್ಲಿ ದಂಡಾವತಿಮಠರ ನೂತನ ಕಲಾಮಂದಿರದಲ್ಲಿ ಅಭ್ಯಾಸ ಮಾಡಿ, 1938 ರಲ್ಲಿ ಜೆ. ಜೆ. ಕಲಾಶಾಲೆಯ ಡಿಪ್ಲೋಮಾ ಪಡೆದರು. ಮುಂದೆ ಆ ಶಾಲೆಯಲ್ಲಿಯೇ ಶಿಕ್ಷಕರೂ ಆದರು.

ಅಂದಿನ ಕಲಾಶಾಲೆಗಳು ಕಲಿಸುತ್ತಿದ್ದುದು ಪಾಶ್ಚಾತ್ಯ ಪದ್ಧತಿ: ಮೈಕಟ್ಟಿನ ಅಳತೆ, ನೆಳಲು ಬೆಳಕು, ದೂರ ಸಮೀಪಗಳ ಭೇದ. ಇದರಲ್ಲಿ ನುರಿತ ಮೇಲೆಯೇ ಅವರಿಗೆ ಅತೃಪ್ತಿಯು ಹುಟ್ಟಿತು. ಕೈ ಸರಿಯಾಗಿ ಬರೆಯುತ್ತಿದ್ದಿತು, ಆದರೆ ಬರೆದುದು ತಮ್ಮದೆನಿಸಲಿಲ್ಲ. ಆಗ ಜೈನ ಹಸ್ತಪ್ರತಿಗಳ ಚಿತ್ರಗಳನ್ನೂ ಅಮೃತಾ ಶೇರ್‌ಗಿಲ್ಲರ ಕೃತಿಗಳನ್ನೂ ಮನಗೊಟ್ಟು ನೋಡಿದರು, ಮಲಬಾರದಲ್ಲಿ ಸಂಚರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಗೆರೆಗೆ ಲಯ ಬರಬೇಕಾದರೆ ಲಯವನ್ನು ಮೈಯಲ್ಲಿಯೇ ಅರಿಯಬೇಕೆಂದು, ಪಂಡಿತ ಸುಂದರ ಪ್ರಸಾದರಲ್ಲಿ ಎರಡು ವರ್ಷ ಕಥಕ್ ನೃತ್ಯವನ್ನು ಕಲಿತರು. ವಯಸ್ಸಿಗೆ ಬಂದ ಚಿತ್ರಕಾರನು ಹೀಗೆ ಕುಣಿಯಲು ಕಲಿತುದು ವಿಚಿತ್ರವೆಂದು ಕೆಲವು ಪಾಲಕರಿಗೆ ತೋರಬಹುದು. ನಮಗಾದರೋ ಅವರ ವಿದ್ಯೆಯ ಮರ್ಮವು ಇದರಲ್ಲಿಯೇ ಇರುವಂತೆ ಕಾಣುವದು. ದೋಣಿಯನ್ನು ದಡಕ್ಕೆ ಎಳೆಯುವವನ ಹಿಮ್ಮಡಿಯು ಉಸುಕಿನಲ್ಲಿ ಊರಿರುತ್ತದೆ, ನಡು ಹಿಂದಕ್ಕೆ ವಾಲಿರುತ್ತದೆ. ಹಿಮ್ಮಡಿಯಿಂದ ಹೆಗಲಿನವರೆಗೆ ಒಂದೇ ಸೆಳೆತ. ಆ ಸೆಳೆತವನ್ನು ಒಂದೇ ಗೆರೆಯಲ್ಲಿ ಹಿಡಿದರೆ ಮನುಷ್ಯನೂ ಬಂದನು, ದೋಣಿಯ ಭಾರವೂ ಬಂದಿತು. ಸಮುದ್ರ ಕಾಣದ ನಮ್ಮ ಹುಡುಗಿಯರು ಬಾವಿಯಲ್ಲಿ ನೀರು ಸೇದುವವರನ್ನು ನಿತ್ಯ ಕಂಡವರಲ್ಲವೇ? ಸೆಳೆತವು ಅಲ್ಲಿಯೂ ಅದೇ.

1949 ರಲ್ಲಿ ಅವರು ಪ್ಯಾರಿಸ್ಸಿಗೆ ಹೋಗಿ ಜೂಲಿಯನ್ ಅಕಾಡೆಮಿಯಲ್ಲಿ ಮತ್ತೆ ವಿದ್ಯಾರ್ಥಿಯಾದರು. ಅಷ್ಟರಲ್ಲಿ ಅವರಿಗೆ ಮೂವತ್ತೆಂಟು ವರ್ಷ! 1961 ರಲ್ಲಿ ಪದ್ಮಶ್ರೀಯೂ 1989 ರಲ್ಲಿ ಪದ್ಮಭೂಷಣವೂ ದೊರೆತವು. 1996 ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ತಮ್ಮ ಅನೇಕ ಚಿತ್ರಗಳನ್ನು ಅವರು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ದಾನವಾಗಿ ಕೊಟ್ಟಿದ್ದರು.