ಹ್ಯಾರಿ ಹ್ಯಾಮಂಡ್ ಹೆಸ್

ಹ್ಯಾರಿ ಹ್ಯಾಮಂಡ್ ಹೆಸ್ (24 ಮೇ 1906 – 25 ಆಗಸ್ಟ್ 1969) ಅಮೆರಿಕ ಸಂಯುಕ್ತ ಸಂಸ್ಥಾನದ ಭೂವಿಜ್ಞಾನಿ, ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಹಾಗೂ ನೌಕಾಪಡೆಯ ಮೀಸಲು ದಳದ ಅಧಿಕಾರಿ. ಸಾಗರತಳವು ನಡುಸಾಗರದ ಏಣುಗಳಲ್ಲಿ ಹುಟ್ಟಿ, ಎರಡೂ ಕಡೆಗೆ ಸರಿದು, ಆಳದ ಕಂದಕಗಳಲ್ಲಿ ಮರಳಿ ಭೂಮಿಯೊಳಗೆ ಇಳಿಯುತ್ತದೆ ಎಂಬ ಸಿದ್ಧಾಂತವನ್ನು ಮಂಡಿಸಿದವರಲ್ಲಿ ಇವರು ಮೊದಲಿಗರು. ಭೂಕವಚವನ್ನು ಕೊರೆದು ಅದರ ಕೆಳಗಿನ ಮ್ಯಾಂಟಲ್ ಪದರದ ಶಿಲೆಯನ್ನು ಮೇಲೆ ತರಬೇಕೆಂದು ಹೊರಟ ಮೋಹೋಲ್ ಯೋಜನೆಯ ಮೂಲಪುರುಷರಲ್ಲಿಯೂ ಒಬ್ಬರು. ಆ ಯೋಜನೆ ಗುರಿ ಮುಟ್ಟಲಿಲ್ಲ. ಆದರೆ ಇಂದು ಭೂಮಿಯ ಮೇಲೂ ಸಮುದ್ರದಲ್ಲಿಯೂ ನಡೆಯುತ್ತಿರುವ ವೈಜ್ಞಾನಿಕ ಕೊರೆತಗಳ ಇತಿಹಾಸ ಅಲ್ಲಿಂದಲೇ ಆರಂಭವಾಗುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಹೆಸ್ ಅವರು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ಜೂಲಿಯನ್ ಹೆಸ್ ಅಲ್ಲಿನ ಷೇರು ವಿನಿಮಯ ಕೇಂದ್ರದ ಸದಸ್ಯರು, ತಾಯಿ ಎಲಿಜಬೆತ್. ನ್ಯೂಜೆರ್ಸಿಯ ಆಸ್ಬರಿ ಪಾರ್ಕ್‌ನಲ್ಲಿ ಪ್ರೌಢಶಾಲೆ ಮುಗಿಸಿ, 1923ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದುವ ಉದ್ದೇಶದಿಂದ ಯೇಲ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅನಂತರ ಮನಸ್ಸು ಭೂವಿಜ್ಞಾನದ ಕಡೆಗೆ ತಿರುಗಿತು. ಖನಿಜಶಾಸ್ತ್ರದ ಪರೀಕ್ಷೆಯಲ್ಲಿ ಮೊದಲ ಬಾರಿ ಅನುತ್ತೀರ್ಣರಾದ ಈ ವಿದ್ಯಾರ್ಥಿಗೆ, ಈ ಶಾಸ್ತ್ರದಲ್ಲಿ ಭವಿಷ್ಯವಿಲ್ಲವೆಂಬ ತೀರ್ಪನ್ನೂ ಗುರುಗಳು ಕೊಟ್ಟಿದ್ದರಂತೆ. ಮುಂದೆ ಪೈರಾಕ್ಸೀನ್ ಎಂಬ ಖನಿಜಗುಂಪಿನ ಬಗ್ಗೆ ಹೆಸ್ ಅವರು ನಡೆಸಿದ ಅಧ್ಯಯನ ಆ ಕ್ಷೇತ್ರದ ಅಧಿಕೃತ ಕೃತಿಗಳ ಸಾಲಿಗೆ ಸೇರಿತು. ಅಂಕಪಟ್ಟಿಯನ್ನು ನೋಡಿ ಮಕ್ಕಳ ಜಾತಕ ಬರೆಯುವ ಅಧ್ಯಾಪಕರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

1927ರಲ್ಲಿ ಪದವಿ ಪಡೆದು, ಎರಡು ವರ್ಷ ಉತ್ತರ ರೊಡೇಷಿಯಾದಲ್ಲಿ (ಇಂದಿನ ಜಾಂಬಿಯಾ) ಖನಿಜಾನ್ವೇಷಕರಾಗಿ ದುಡಿದರು. ಸಂಶೋಧನೆಗಾಗಿ ಪ್ರಿನ್ಸ್‌ಟನ್ ಸೇರಿ 1932ರಲ್ಲಿ ಡಾಕ್ಟರೇಟ್ ಪಡೆದರು. 1934ರಿಂದ ಅಲ್ಲಿಯೇ ಅಧ್ಯಾಪಕರಾಗಿ, 1950ರಿಂದ 1966ರವರೆಗೆ ವಿಭಾಗದ ಮುಖ್ಯಸ್ಥರಾಗಿದ್ದರು. 1934ರಲ್ಲಿ ಆನೆಟ್ ಬರ್ನ್ಸ್ ಅವರನ್ನು ವಿವಾಹವಾದರು. ಈ ದಂಪತಿಗೆ ಇಬ್ಬರು ಗಂಡುಮಕ್ಕಳು.

ಬಳಪದ ಕಲ್ಲು ಮತ್ತು ಹಸಿರು ಶಿಲೆ

ಹೆಸ್ ಅವರ ಡಾಕ್ಟರೇಟ್ ಪ್ರಬಂಧದ ವಸ್ತು ವರ್ಜೀನಿಯಾ ರಾಜ್ಯದ ಸ್ಕೈಲರ್ ಎಂಬಲ್ಲಿನ ಬಳಪದ ಕಲ್ಲು. ಕನ್ನಡ ನಾಡಿನ ಓದುಗರಿಗೆ ಇದು ಅಪರಿಚಿತ ಶಿಲೆಯಲ್ಲ. ಹಿಂದಿನ ತಲೆಮಾರಿನ ಮಕ್ಕಳು ಸ್ಲೇಟಿನ ಮೇಲೆ ಅಕ್ಷರ ತಿದ್ದಿದ್ದು ಬಳಪದಿಂದ. ಹೊಯ್ಸಳ ಶಿಲ್ಪಿಗಳು ಬೇಲೂರು, ಹಳೇಬೀಡುಗಳಲ್ಲಿ ಕುಸುರಿ ಕೆಲಸ ಮಾಡಿದ್ದೂ ಇದೇ ಬಳಗದ ಮೃದುಶಿಲೆಯಲ್ಲಿ. ಹೆಸ್ ಅವರನ್ನು ಕಾಡಿದ ಪ್ರಶ್ನೆ, ಈ ಕಲ್ಲು ಮೊದಲು ಏನಾಗಿತ್ತು ಎಂಬುದು. ಮೆಗ್ನೀಸಿಯಮ್ ಹೇರಳವಾಗಿರುವ, ಕಪ್ಪು ಹಸಿರು ಬಣ್ಣದ ಪೆರಿಡೊಟೈಟ್ ಎಂಬ ಭಾರವಾದ ಶಿಲೆಗೆ ಬಿಸಿನೀರು ಸೇರಿದರೆ ಅದು ಸರ್ಪೆಂಟಿನೈಟ್ ಎಂಬ ನುಣುಪಾದ ಹಸಿರು ಶಿಲೆಯಾಗುತ್ತದೆ. ಈ ಬದಲಾವಣೆಯಲ್ಲಿ ಕಲ್ಲು ಉಬ್ಬುತ್ತದೆ, ಹಗುರವಾಗುತ್ತದೆ. ಬದಲಾವಣೆ ಇನ್ನೂ ಮುಂದುವರಿದು ಬಳಪದ ಕಲ್ಲು ಉಂಟಾಗುತ್ತದೆ. ಪೆರಿಡೊಟೈಟ್ ಮ್ಯಾಂಟಲ್ ಪದರದ ಮೇಲ್ಭಾಗದ ಪ್ರಧಾನ ಶಿಲೆಯಾದ್ದರಿಂದ, ಭೂಮಿಯ ಆಳವನ್ನು ಅರಿಯಬೇಕೆಂಬ ಹೆಸ್ ಅವರ ಆಸಕ್ತಿಗೆ ಈ ಕಲ್ಲೇ ಬಾಗಿಲಾಯಿತು.

ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ, ಕ್ರೋಮೈಟ್ ಗಣಿಗೆ ಹೆಸರಾದ ಬೈರಾಪುರದ ಆಸುಪಾಸಿನಲ್ಲಿ, ಇಂತಹ ಸರ್ಪೆಂಟಿನೈಟ್ ಶಿಲೆಗಳನ್ನು ಕಾಣಬಹುದು. ಅವು ಮ್ಯಾಂಟಲ್ ಕರಗಿ ಮೇಲೆ ಬಂದ ಶಿಲಾರಸದಿಂದ ಹುಟ್ಟಿದವು. 300 ಕೋಟಿ ವರ್ಷಗಳಿಗೂ ಹಿಂದಿನವು.

ಜಲಾಂತರ್ಗಾಮಿಯಲ್ಲಿ ಮತ್ತು ಯುದ್ಧನೌಕೆಯಲ್ಲಿ

ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಹೆಸ್ ಅವರಿಗೆ ಡಚ್ ವಿಜ್ಞಾನಿ ಫೆಲಿಕ್ಸ್ ವೆನಿಂಗ್ ಮೈನೆಸ್ ಅವರೊಡನೆ ದುಡಿಯುವ ಅವಕಾಶ ದೊರೆಯಿತು. ಗುರುತ್ವವನ್ನು ಅಳೆಯುವ ಲೋಲಕದ ಉಪಕರಣ ಅಲೆಗಳ ಹೊಯ್ದಾಟದಲ್ಲಿ ಕೆಲಸ ಮಾಡದು; ಆದ್ದರಿಂದ ಅದನ್ನು ಜಲಾಂತರ್ಗಾಮಿಯಲ್ಲಿಟ್ಟು ನೀರಿನೊಳಗೆ ಇಳಿಯಬೇಕಿತ್ತು. 1932ರಲ್ಲಿ ಅಮೆರಿಕ ನೌಕಾಪಡೆಯ ಎಸ್-48 ಜಲಾಂತರ್ಗಾಮಿಯಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳ ಬಳಿ ಈ ಮಾಪನ ನಡೆಯಿತು. ಕಂದಕಗಳ ಮೇಲೆ ಗುರುತ್ವ ಅಸಹಜವಾಗಿ ಕಡಿಮೆಯಿರುವುದು ಅಲ್ಲಿಯೂ ದೃಢಪಟ್ಟಿತು. ಯಾವುದೋ ಬಲ ಭೂಕವಚವನ್ನು ಅಲ್ಲಿ ಕೆಳಕ್ಕೆ ಎಳೆಯುತ್ತಿರಬೇಕೆಂಬ ವಿಚಾರ ಹೆಸ್ ಅವರ ಮನಸ್ಸಿನಲ್ಲಿ ನೆಲೆಸಿತು. ಇಂತಹ ಯಾನಗಳಿಗೆ ಅನುಕೂಲವಾಗಲೆಂದು ನೌಕಾಪಡೆಯ ಮೀಸಲು ಅಧಿಕಾರಿಯ ಹುದ್ದೆಯನ್ನೂ ಪಡೆದುಕೊಂಡರು.

1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದ ಮರುದಿನವೇ ಅವರು ಸೇವೆಗೆ ಹಾಜರಾದರು. ಮೊದಲು ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಇರವನ್ನು ಊಹಿಸುವ ಕೆಲಸ. ಅನಂತರ ಪೆಸಿಫಿಕ್ ಸಾಗರದಲ್ಲಿ ಕೇಪ್ ಜಾನ್ಸನ್ ಎಂಬ ಸೈನಿಕ ಸಾಗಣೆ ನೌಕೆ. ಈ ನೌಕೆಯ ಕಪ್ತಾನರೂ ಆದರು. ಮರಿಯಾನಾ, ಲೇಟೆ, ಲಿಂಗಾಯೆನ್, ಇವೋ ಜಿಮಾ ಇವು ನೌಕೆ ಪಾಲ್ಗೊಂಡ ಕಾರ್ಯಾಚರಣೆಗಳು. ಸಮುದ್ರದ ಆಳವನ್ನು ಪ್ರತಿಧ್ವನಿಯಿಂದ ಅಳೆಯುವ ಯಂತ್ರವನ್ನು ದಡ ಸೇರುವಾಗ ಮಾತ್ರ ಬಳಸಿದರೆ ಸಾಕಿತ್ತು. ಹೆಸ್ ಅವರು ಅದನ್ನು ಹಗಲಿರುಳೂ ನಡೆಸುತ್ತಿದ್ದರು. ಹೀಗೆ ಯುದ್ಧದ ನಡುವೆಯೇ, ನೆತ್ತಿ ಚಪ್ಪಟೆಯಾದ ಮುಳುಗಿದ ಬೆಟ್ಟಗಳು ಬೆಳಕಿಗೆ ಬಂದವು. ಇತರ ದಾಖಲೆಗಳನ್ನೂ ಸೇರಿಸಿ ಸುಮಾರು 160 ಬೆಟ್ಟಗಳನ್ನು ಗುರುತಿಸಿ, ಪ್ರಿನ್ಸ್‌ಟನ್‌ನ ಮೊದಲ ಭೂವಿಜ್ಞಾನ ಪ್ರಾಧ್ಯಾಪಕ ಆರ್ನಾಲ್ಡ್ ಗಯೋ ಅವರ ನೆನಪಿಗೆ ಗಯೋಗಳೆಂದು ಹೆಸರಿಟ್ಟರು. 1946ರಲ್ಲಿ ಲೇಖನ ಪ್ರಕಟವಾಯಿತು.

ಆ ಲೇಖನದಲ್ಲಿ ಕೊಟ್ಟ ವಿವರಣೆ ಮಾತ್ರ ತಪ್ಪಾಗಿತ್ತು. ಇವು ಜೀವಿಗಳು ಇನ್ನೂ ಹವಳದ ದಿಬ್ಬ ಕಟ್ಟಲಾರದಿದ್ದ ಅತಿ ಪ್ರಾಚೀನ ಕಾಲದ ದ್ವೀಪಗಳೆಂದು ಹೆಸ್ ಭಾವಿಸಿದ್ದರು. 1950ರ ಸಾಗರಯಾನವೊಂದರಲ್ಲಿ ಗಯೋಗಳ ನೆತ್ತಿಯಿಂದ ಕ್ರಿಟೇಷಿಯಸ್ ಯುಗದ, ಎಂದರೆ ಹತ್ತು ಕೋಟಿ ವರ್ಷಗಳ ಆಸುಪಾಸಿನ, ಆಳವಿಲ್ಲದ ನೀರಿನ ಜೀವ್ಯವಶೇಷಗಳು ದೊರೆತವು. ಹೆಸ್ ಅವರು ತಮ್ಮ ಹಳೆಯ ವಾದವನ್ನು ಬಿಟ್ಟುಕೊಟ್ಟರು.

ಸಾಗರತಳದ ಸಿದ್ಧಾಂತ

1960ರಲ್ಲಿ ಕರಡು ರೂಪದಲ್ಲಿ ಸಹೋದ್ಯೋಗಿಗಳ ಕೈ ಸೇರಿ, 1962ರಲ್ಲಿ ಅಚ್ಚಾದ ಸಾಗರ ದ್ರೋಣಿಗಳ ಇತಿಹಾಸ ಕುರಿತ ಪ್ರಬಂಧ ಹೆಸ್ ಅವರ ಪ್ರಮುಖ ಕೃತಿ. ಅದನ್ನು ಅವರು ವಿಜ್ಞಾನವೆನ್ನುವುದಕ್ಕಿಂತ ಭೂಮಿಯನ್ನು ಕುರಿತ ಕಾವ್ಯವೆಂದು ಪರಿಗಣಿಸಬೇಕೆಂದು ವಿನಯದಿಂದ ಸೂಚಿಸಿದ್ದರು. ವಾದದ ಸಾರ ಹೀಗಿದೆ: ಸಾಗರಗಳು ಭೂಮಿಯಷ್ಟೇ ಹಳೆಯವಾಗಿದ್ದರೆ ತಳದಲ್ಲಿ ಕೂಡಿಕೊಂಡಿರುವ ಕೆಸರು ಈಗಿರುವುದಕ್ಕಿಂತ ಎಷ್ಟೋ ಪಟ್ಟು ದಪ್ಪವಾಗಿರಬೇಕಿತ್ತು. ಆದ್ದರಿಂದ ತಳ ಹೊಸದು. ನಡುಸಾಗರದ ಏಣುಗಳಲ್ಲಿ ಮ್ಯಾಂಟಲ್ ಮೇಲೆ ಉಕ್ಕಿ ಹೊಸ ತಳ ನಿರ್ಮಾಣವಾಗುತ್ತದೆ. ಅದು ಸರಿಯುತ್ತ ತಣ್ಣಗಾಗಿ ಕುಸಿಯುತ್ತದೆ. ಕಂದಕಗಳಲ್ಲಿ ಕೆಳಗಿಳಿದು ಕಣ್ಮರೆಯಾಗುತ್ತದೆ. ಗಯೋಗಳ ಒಗಟಿಗೂ ಇಲ್ಲಿಯೇ ಉತ್ತರ ದೊರೆಯಿತು: ಏಣಿನ ಬಳಿ ಹುಟ್ಟಿದ ಜ್ವಾಲಾಮುಖಿ ದ್ವೀಪಗಳು ಸರಿಯುವ ತಳದ ಮೇಲೆ ಕುಳಿತು ದೂರ ಹೋದಂತೆ ನೀರಿನಲ್ಲಿ ಮುಳುಗುತ್ತವೆ. ರಾಬರ್ಟ್ ಡೀಟ್ಸ್ ಅವರು 1961ರಲ್ಲಿ ಇದೇ ಬಗೆಯ ವಿಚಾರವನ್ನು ಪ್ರಕಟಿಸಿ ಸಾಗರತಳ ಹರಡುವಿಕೆ ಎಂಬ ಹೆಸರನ್ನು ಬಳಕೆಗೆ ತಂದರು. 1963ರಲ್ಲಿ ವೈನ್ ಮತ್ತು ಮ್ಯಾಥ್ಯೂಸ್ ಅವರು ಸಾಗರತಳದ ಕಾಂತಪಟ್ಟೆಗಳ ಮೂಲಕ ಇದಕ್ಕೆ ಆಧಾರ ಒದಗಿಸಿದರು.

ತುಮಕೂರು ಜಿಲ್ಲೆಯ ಮಧುಗಿರಿಯ ಏಕಶಿಲಾ ಬೆಟ್ಟವನ್ನು ಒಳಗೊಂಡ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಮಹಾಸಾಗರಗಳ ತಳದಲ್ಲಿ 20 ಕೋಟಿ ವರ್ಷ ಮೀರಿದ ಶಿಲೆಯೇ ಅಪರೂಪ. ಖಂಡಗಳು ತೇಲುವಷ್ಟು ಹಗುರವಾದ್ದರಿಂದ ಉಳಿಯುತ್ತವೆ, ಸಾಗರತಳ ಉಳಿಯುವುದಿಲ್ಲ.

ಮೋಹೋಲ್ ಯೋಜನೆ

ಭೂಕವಚ ಮುಗಿದು ಮ್ಯಾಂಟಲ್ ಆರಂಭವಾಗುವ ಗಡಿಯನ್ನು, ಕಂಪನದ ಅಲೆಗಳ ವೇಗ ಅಲ್ಲಿ ತಟ್ಟನೆ ಹೆಚ್ಚುವುದರಿಂದ, 1909ರಲ್ಲಿ ಕ್ರೊಯೇಷಿಯಾದ ಆಂಡ್ರಿಯಾ ಮೊಹೊರೊವಿಚಿಚ್ ಗುರುತಿಸಿದ್ದರು. ಸಂಕ್ಷೇಪವಾಗಿ ಅದನ್ನು ಮೋಹೋ ಎನ್ನುತ್ತಾರೆ. ನೆಲದ ಮೇಲಿನಿಂದ ಹೊರಟರೆ ಅದು ಸಾಮಾನ್ಯವಾಗಿ 30 ಕಿ.ಮೀ.ಗೂ ಹೆಚ್ಚು ಆಳ. ಕೋಲಾರದ ಚಿನ್ನದ ಗಣಿಗಳು ಮುಟ್ಟಿದ್ದು ಸುಮಾರು 3 ಕಿ.ಮೀ. ಮಾತ್ರ. ಸಾಗರತಳದಲ್ಲಿಯಾದರೋ ಕವಚ 5ರಿಂದ 10 ಕಿ.ಮೀ. ಅಷ್ಟೇ ದಪ್ಪ. ಹೀಗಾಗಿ ಸಮುದ್ರವೇ ಹತ್ತಿರದ ದಾರಿ.

1957ರಲ್ಲಿ ಸಂಶೋಧನಾ ಅರ್ಜಿಗಳನ್ನು ಪರಿಶೀಲಿಸುವ ಸಭೆಯೊಂದರಲ್ಲಿ, ಅರ್ಜಿಗಳಲ್ಲಿ ದೊಡ್ಡ ಆಲೋಚನೆ ಯಾವುದೂ ಇಲ್ಲವೆಂಬ ಬೇಸರದಿಂದ ಸಾಗರವಿಜ್ಞಾನಿ ವಾಲ್ಟರ್ ಮಂಕ್ ಅವರು ಮೋಹೋವರೆಗೆ ಕೊರೆಯುವ ಸಲಹೆಯನ್ನಿತ್ತರು. ಹೆಸ್ ಅವರು ಅದನ್ನು ಹಾಸ್ಯವೆಂದು ಬಿಡದೆ ಎತ್ತಿಹಿಡಿದರು. ವಿಜ್ಞಾನಿಗಳ ಅರೆತಮಾಷೆಯ ಕೂಟವೊಂದಕ್ಕೆ (ಅದರ ಹೆಸರು ಅಮೆರಿಕದ ಇತರೇ ಸಂಘ ಎಂಬ ಅರ್ಥದ್ದು) ಈ ಹೊಣೆಯನ್ನು ವಹಿಸಲಾಯಿತು. 1961ರ ಮಾರ್ಚ್–ಏಪ್ರಿಲ್‌ನಲ್ಲಿ ಮೆಕ್ಸಿಕೋದ ಗ್ವಾಡಲೂಪೆ ದ್ವೀಪದ ಬಳಿ, ವಿಲ್ಲರ್ಡ್ ಬ್ಯಾಸ್ಕಮ್ ಅವರ ನಾಯಕತ್ವದಲ್ಲಿ ಕಸ್-1 ಎಂಬ ನೌಕೆ ಕೊರೆತ ನಡೆಸಿತು. ನೀರಿನ ಆಳವೇ ಸುಮಾರು 3,560 ಮೀಟರ್, ಲಂಗರು ನಿಲ್ಲದು. ಕೊಳವೆಬಾವಿ ಕೊರೆಯುವ ಲಾರಿ ನಿಂತ ನೆಲ ಅತ್ತಿತ್ತ ಸರಿದರೆ ಏನಾದೀತೆಂದು ಬಯಲುಸೀಮೆಯ ರೈತರು ಬಲ್ಲರು. ನಾಲ್ಕು ಮೂಲೆಗಳಲ್ಲಿ ನಾಲ್ಕು ತಿರುಗಣೆ ಯಂತ್ರಗಳನ್ನು ಜೋಡಿಸಿ, ಅವುಗಳ ತಳ್ಳುವಿಕೆಯಿಂದಲೇ ನೌಕೆಯನ್ನು ಒಂದೇ ಸ್ಥಳದಲ್ಲಿ ನಿಲ್ಲಿಸಿದರು. ಅತಿ ಆಳದ ರಂಧ್ರ ತಳದಿಂದ 183 ಮೀಟರ್ ಇಳಿಯಿತು. ಕೆಸರಿನ ಪದರದ ಕೆಳಗೆ 13 ಮೀಟರ್ ಬಸಾಲ್ಟ್ ದೊರೆಯಿತು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ನೌಕೆಯಲ್ಲಿದ್ದು ಇದನ್ನು ವರದಿ ಮಾಡಿದರು.

ಅದು ಪೂರ್ವಭಾವಿ ಪ್ರಯೋಗ ಮಾತ್ರ. ಸರ್ಪೆಂಟಿನೈಟ್ ಕುರಿತ ಹೆಸ್ ಅವರ ಆಸಕ್ತಿಗೆ ಅನುಗುಣವಾಗಿ 1962ರಲ್ಲಿ ಪೋರ್ಟೊ ರಿಕೊದ ಮಾಯಗ್ವೆಸ್ ಬಳಿ ನೆಲದ ಮೇಲೆಯೂ ಒಂದು ಕೊರೆತ ನಡೆಯಿತು. ಆದರೆ ಮುಖ್ಯ ಯೋಜನೆ ಗುತ್ತಿಗೆ, ಆಡಳಿತ ಮತ್ತು ವೆಚ್ಚದ ಸುಳಿಗೆ ಸಿಕ್ಕಿತು. ಮೊದಲು ಸಣ್ಣ ನೌಕೆಯಿಂದ ಹಲವು ಕಡೆ ಕೊರೆಯಬೇಕೆಂದು ಪ್ರಿನ್ಸ್‌ಟನ್‌ನವರೇ ಆದ ಹಾಲಿಸ್ ಹೆಡ್‌ಬರ್ಗ್ ವಾದಿಸಿ, ಕೊನೆಗೆ ಸಮಿತಿಯ ಅಧ್ಯಕ್ಷತೆಯನ್ನು ತ್ಯಜಿಸಿದರು. ವೆಚ್ಚದ ಅಂದಾಜು ಏರುತ್ತಲೇ ಹೋಗಿ, 1966ರಲ್ಲಿ ಅಮೆರಿಕದ ಸಂಸತ್ತು ಹಣವನ್ನು ನಿಲ್ಲಿಸಿತು. ಮುಂದೆ ಹೆಡ್‌ಬರ್ಗ್ ಅವರ ದಾರಿಯೇ ಫಲ ಕೊಟ್ಟಿತೆಂಬುದನ್ನು ಗಮನಿಸಬೇಕು: 1968ರಲ್ಲಿ ಗ್ಲೋಮಾರ್ ಚಾಲೆಂಜರ್ ನೌಕೆ ಹಲವೆಡೆ ಆಳವಿಲ್ಲದ ರಂಧ್ರಗಳನ್ನು ಕೊರೆಯತೊಡಗಿತು. ಏಣಿನಿಂದ ದೂರ ಹೋದಂತೆ ತಳದ ವಯಸ್ಸು ಹೆಚ್ಚುತ್ತದೆ ಎಂಬ ಹೆಸ್ ಅವರ ಸಿದ್ಧಾಂತ ದೃಢಪಟ್ಟಿದ್ದು ಆ ನೌಕೆಯ ಮಾದರಿಗಳಿಂದ.

ಕೊನೆಯ ದಿನಗಳು

1962ರಿಂದ ಹೆಸ್ ಅವರು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಬಾಹ್ಯಾಕಾಶ ವಿಜ್ಞಾನ ಮಂಡಳಿಯ ಅಧ್ಯಕ್ಷರಾಗಿದ್ದರು. 1966ರಲ್ಲಿ ಪೆನ್‌ರೋಸ್ ಪದಕ ಸಂದಿತು. ಮೀಸಲು ದಳದಲ್ಲಿ ರಿಯರ್ ಅಡ್ಮಿರಲ್ ದರ್ಜೆಗೆ ಏರಿದ್ದರು. ಅಪೊಲೊ 11 ಚಂದ್ರನ ಕಲ್ಲುಗಳನ್ನು ತಂದ ತರುಣದಲ್ಲಿಯೇ, ವುಡ್ಸ್ ಹೋಲ್‌ನಲ್ಲಿ ಮಂಡಳಿಯ ಸಭೆಯ ಅಧ್ಯಕ್ಷತೆ ವಹಿಸಿದ್ದಾಗ ಹೃದಯಾಘಾತದಿಂದ ನಿಧನರಾದರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ನಂತರದ ಕೊರೆತಗಳು

ಸಾಗರಕವಚದ ಕೆಳಪದರವೆಲ್ಲ ಸರ್ಪೆಂಟಿನೈಟ್ ಎಂಬ ಹೆಸ್ ಅವರ ಊಹೆ ಪೂರ್ಣವಾಗಿ ನಿಲ್ಲಲಿಲ್ಲ. ಬಹುಭಾಗ ಗ್ಯಾಬ್ರೊ ಎಂಬ ಅಗ್ನಿಶಿಲೆಯೆಂದು ಒಪ್ಪಲಾಗಿದೆ. ಆದರೆ ನಿಧಾನವಾಗಿ ಹರಡುವ ಏಣುಗಳಲ್ಲಿ ಅವರು ಹೇಳಿದ್ದಕ್ಕೆ ಹತ್ತಿರದ ಸ್ಥಿತಿಯೇ ಕಂಡುಬಂದಿದೆ. ನೆಲದ ಮೇಲೆ ರಷ್ಯಾದ ಕೋಲಾ ಕೊರೆತ 1989ರಲ್ಲಿ 12,262 ಮೀಟರ್ ತಲುಪಿಯೂ ಭೂಕವಚದೊಳಗೇ ಉಳಿಯಿತು. ಒಮಾನ್ ದೇಶದಲ್ಲಿ, ಭೂಚಲನೆಯಿಂದ ನೆಲದ ಮೇಲೆ ಬಂದು ಕುಳಿತಿರುವ ಮ್ಯಾಂಟಲ್ ಶಿಲೆಯನ್ನು 2016ರಿಂದ 2018ರವರೆಗೆ ಕೊರೆದು ಮಾದರಿ ತೆಗೆಯಲಾಯಿತು. ಪೂರ್ವ ಪೆಸಿಫಿಕ್‌ನಲ್ಲಿ ಆಳದ ಶಿಲೆಗಳು ಬಯಲಾಗಿರುವ ಕಂದರವೊಂದಕ್ಕೆ ಹೆಸ್ ಡೀಪ್ ಎಂದು ಹೆಸರಿಡಲಾಗಿದ್ದು, 1992–93ರಲ್ಲಿ ಅಲ್ಲಿಯೂ ಕೊರೆತ ನಡೆದಿದೆ. 2023ರಲ್ಲಿ ಜಾಯಿಡಿಸ್ ರೆಸಲ್ಯೂಷನ್ ನೌಕೆ ಅಟ್ಲಾಂಟಿಕ್ ಸಾಗರದ ಅಟ್ಲಾಂಟಿಸ್ ಮಾಸಿಫ್ ಎಂಬ ಮುಳುಗಿದ ಬೆಟ್ಟದಲ್ಲಿ 1,268 ಮೀಟರ್ ಕೊರೆದಾಗ ಮೇಲೆ ಬಂದ ಶಿಲೆಯ ಬಹುಭಾಗ ಸರ್ಪೆಂಟಿನೈಟ್ ಆಗಿ ಮಾರ್ಪಟ್ಟ ಪೆರಿಡೊಟೈಟ್. ಮೋಹೋ ಗಡಿಯನ್ನೇ ದಾಟಿದ ಕೊರೆತ ಇನ್ನೂ ನಡೆದಿಲ್ಲ.